ದಾದಾ ಅಂದರೆ ಅಣ್ಣ

ಕಲ್ಕತ್ತಾ ಲೋಡು ಅಂದರೆ ಕೋಲಾರದ ಎಪಿಎಂಸಿ ಗೇಟಿನಲ್ಲಿ ಈಗಲೂ ಅರ್ಧ ಜನ ಡ್ರೈವರುಗಳು ಮುಖ ಸಿಂಡರಿಸುತ್ತಾರೆ. ದೆಹಲಿ ಆದರೆ ಸರಿ, ಅಹಮದಾಬಾದ್ ಆದರೂ ಸರಿ, ಚೆನ್ನೈ ಅಂತೂ ಹಿತ್ತಲಿಗೆ ಹೋಗಿಬಂದ ಹಾಗೆ. ಕಲ್ಕತ್ತಾ ಮಾತ್ರ ಬೇಡ. ಯಾಕಣ್ಣಾ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ಅಲ್ಲಿ ಡೀಸೆಲ್ ಕದೀತಾರಂತೆ, ಮಾಟ ಮಾಡ್ತಾರಂತೆ, ಯೂನಿಯನ್ನಿನವರು ಲಾರಿ ಮುಟ್ಟೋಕೂ ಬಿಡಲ್ಲವಂತೆ, ದಿನಕ್ಕೊಂದು ಬಂದ್ ಅಂತೆ, ರಸ್ತೆ ಮೇಲೆ ಹೆಣ ಬಿದ್ದಿರ್ತವಂತೆ. ಈ ‘ಅಂತೆ’ಗಳನ್ನು ಹೇಳುವವರಲ್ಲಿ ಹೆಚ್ಚಿನವರು ಆ ಊರಿಗೆ ಹೋಗಿದ್ದು ಒಂದು ಸಲ. ಕೆಲವರು ಅದೂ ಇಲ್ಲ.

ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯವನು. ಲಾರಿ ಹತ್ತಿ ಇಪ್ಪತ್ತೆರಡು ವರ್ಷವಾಯಿತು. ಕಲ್ಕತ್ತಾ ಲೈನಿಗೆ ಬಿದ್ದದ್ದು 2006ರಲ್ಲಿ. ನೂರೈವತ್ತು ಟ್ರಿಪ್ಪಿನ ಮೇಲೆ ಎಣಿಸುವುದನ್ನು ಬಿಟ್ಟಿದ್ದೇನೆ. ಅಷ್ಟು ಹೋದರೂ ಆ ಊರಿನ ವಿಕ್ಟೋರಿಯಾ ಮೆಮೋರಿಯಲ್ಲನ್ನು ನಾನು ಒಳಗೆ ಹೋಗಿ ನೋಡಿಲ್ಲ. ರವೀಂದ್ರನಾಥರ ಮನೆ ನೋಡಿಲ್ಲ. ನಾನು ಕಂಡಿರುವುದು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಕೋಲ್ಕತ್ತಾ. ಹಗಲು ದೊಡ್ಡ ಲಾರಿಗಳಿಗೆ ಊರೊಳಗೆ ಪ್ರವೇಶವಿಲ್ಲ. ಹೀಗಾಗಿ ನಾನು ಹೇಳುವುದನ್ನು ಅಷ್ಟರಮಟ್ಟಿಗೆ ಮಾತ್ರ ನಂಬಬಹುದು.

ಮೊದಲು ಆ ‘ದಾದಾ’ ವಿಷಯ ಮುಗಿಸಿಬಿಡುತ್ತೇನೆ. ನಮ್ಮ ಕಡೆ ದಾದಾ ಅಂದರೆ ರೌಡಿ. ಸಿನಿಮಾದಲ್ಲಿ ಕಪ್ಪು ಕನ್ನಡಕ ಹಾಕಿ, ಬೆನ್ನ ಹಿಂದೆ ನಾಲ್ಕು ಜನ ಇಟ್ಟುಕೊಂಡು ಬರುವವನು. ಹೌರಾಕ್ಕೆ ಮುಂಚೆ ಧೂಲಾಗಢ ಅಂತ ಒಂದು ಜಾಗ ಬರುತ್ತದೆ, ಟೋಲ್ ಇದೆ, ಲಾರಿಗಳು ನಿಲ್ಲುವ ದೊಡ್ಡ ಟರ್ಮಿನಲ್ ಇದೆ. ನನ್ನ ಮೊದಲ ಟ್ರಿಪ್ಪಿನಲ್ಲಿ ಅಲ್ಲಿ ಕತ್ತಲಾಗಲಿ ಅಂತ ಕಾಯುತ್ತಾ ಮಲಗಿದ್ದಾಗ ಯಾರೋ ಬಾಗಿಲು ಬಡಿದು “ಓ ದಾದಾ!” ಅಂತ ಕೂಗಿದರು. ನನ್ನ ಕೈ ಸೀಟಿನ ಕೆಳಗಿದ್ದ ಜಾಕ್ ರಾಡಿಗೆ ಹೋಯಿತು. ಇಣುಕಿ ನೋಡಿದರೆ ಒಬ್ಬ ಮುದುಕ, ಕೈಯಲ್ಲಿ ಅಲ್ಯೂಮಿನಿಯಂ ಕೆಟಲು, ಇನ್ನೊಂದು ಕೈಯಲ್ಲಿ ಮಣ್ಣಿನ ಕುಡಿಕೆಗಳ ಗೋಪುರ. ಚಹಾ ಬೇಕಾ ಅಂತ ಕೇಳುತ್ತಿದ್ದ. ಅವನ ಭಾಷೆಯಲ್ಲಿ ಚಹಾ ಕುಡಿಯುವುದಿಲ್ಲ, ತಿನ್ನುತ್ತಾರೆ. ನೀರನ್ನೂ ತಿನ್ನುತ್ತಾರೆ, ಬೀಡಿಯನ್ನೂ ತಿನ್ನುತ್ತಾರೆ. ಅಣ್ಣ, ಚಹಾ ತಿಂತೀಯಾ ಅಂತ ಕೇಳಿದ್ದು ಅವನು. ಅಲ್ಲಿ ದಾದಾ ಅಂದರೆ ಅಣ್ಣ, ಅಷ್ಟೇ. ಪೊಲೀಸಿನವನು ನನಗೆ ದಾದಾ ಅನ್ನುತ್ತಾನೆ, ನಾನು ಹಮಾಲಿಗೆ ದಾದಾ ಅನ್ನುತ್ತೇನೆ, ಹಮಾಲಿ ಚಹಾದವನಿಗೆ ದಾದಾ ಅನ್ನುತ್ತಾನೆ. ಊರಿಡೀ ದಾದಾಗಳೇ. ಈ ಒಂದು ಪದದಿಂದ ನಮ್ಮ ಕಡೆಯ ಎಷ್ಟು ಡ್ರೈವರುಗಳು ಹೆದರಿ ವಾಪಸ್ಸು ಬಂದಿದ್ದಾರೋ!

ಕೋಲಾರದಿಂದ ಅಲ್ಲಿಗೆ ಸುಮಾರು 1,800 ಕಿಲೋಮೀಟರ್. ಟೊಮೆಟೊ ತುಂಬಿದ್ದರೆ ಇಬ್ಬರು ಡ್ರೈವರುಗಳು ಸರದಿಯಲ್ಲಿ ಕೂತು ಎರಡೂವರೆ ದಿನ, ಮಳೆ ಹಿಡಿದರೆ ಮೂರು. ನಂಗಲಿ ದಾಟಿ ಪಲಮನೇರು, ಚಿತ್ತೂರು, ತಿರುಪತಿ, ನಾಯುಡುಪೇಟೆ. ಅಲ್ಲಿಂದ ಕಡಲ ಪಕ್ಕದ ಹೆದ್ದಾರಿ ಹತ್ತಿದರೆ ಇನ್ನು ನೇರ ಉತ್ತರಕ್ಕೆ. ಆಂಧ್ರದವರೆಗೆ ಭಾಷೆಯ ಚಿಂತೆಯಿಲ್ಲ, ನಮ್ಮ ತಾಲ್ಲೂಕಿನಲ್ಲಿ ಮಗು ತೊಟ್ಟಿಲಲ್ಲೇ ಕನ್ನಡ ತೆಲುಗು ಎರಡರಲ್ಲೂ ಅಳುತ್ತದೆ. ಈ ದಾರಿಯಲ್ಲಿ ನನಗೆ ಇವತ್ತಿಗೂ ಬೇಸರ ಬಾರದಿರುವುದಕ್ಕೆ ಕಾರಣ ನದಿಗಳು. ನಾನು ನದಿಯಿಲ್ಲದ ಜಿಲ್ಲೆಯವನು. ಪಾಲಾರ್ ಅಂತ ಒಂದು ಹೆಸರಿದೆ, ಅದರಲ್ಲಿ ನೀರಿಗಿಂತ ಮರಳು ಕಂಡದ್ದೇ ಹೆಚ್ಚು, ಈಗ ಮರಳೂ ಇಲ್ಲ. ಅಂಥವನಿಗೆ ನೆಲ್ಲೂರಿನಲ್ಲಿ ಪೆನ್ನಾ, ವಿಜಯವಾಡದಲ್ಲಿ ಕೃಷ್ಣಾ, ರಾಜಮಂಡ್ರಿಯಲ್ಲಿ ಗೋದಾವರಿ, ಕಟಕ್‌ನಲ್ಲಿ ಮಹಾನದಿ, ಆಮೇಲೆ ಬ್ರಾಹ್ಮಣಿ, ವೈತರಣಿ, ಸುವರ್ಣರೇಖಾ, ಕೋಲಾಘಾಟ್‌ನಲ್ಲಿ ರೂಪನಾರಾಯಣ, ದಾಮೋದರ. ವೈತರಣಿ ಅಂದರೆ ಸತ್ತ ಮೇಲೆ ದಾಟುವ ನದಿ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ನಾನು ವರ್ಷಕ್ಕೆ ಹತ್ತು ಸಲ ಟೊಮೆಟೊ ಸಮೇತ ದಾಟುತ್ತೇನೆ. ಕೊನೆಗೆ ಹೂಗ್ಲಿ.

ಹೂಗ್ಲಿಯನ್ನು ಭಾರದ ಲಾರಿಗಳು ಹೌರಾ ಸೇತುವೆ ಮೇಲೆ ದಾಟುವ ಹಾಗಿಲ್ಲ. ಕ್ಯಾಲೆಂಡರಿನಲ್ಲಿ ಬರುವ ಆ ಕಬ್ಬಿಣದ ಸೇತುವೆ 1943ರದ್ದು. ನಮಗೆ ದಕ್ಕಿರುವುದು 1992ರಲ್ಲಿ ತೆರೆದ ವಿದ್ಯಾಸಾಗರ ಸೇತು, ಎರಡು ಕಂಬಗಳಿಂದ ಬೀಸಣಿಗೆಯ ಹಾಗೆ ಕೇಬಲ್ಲುಗಳು ಇಳಿಬಿದ್ದಿರುವ ಸೇತುವೆ. ಕೋನಾ ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಗಂಟೆ ಬಂಪರಿಗೆ ಬಂಪರು ತಾಗಿಸಿಕೊಂಡು ತೆವಳಿ, ಬೈಗುಳವೆಲ್ಲ ಖರ್ಚಾದ ಮೇಲೆ ಆ ಸೇತುವೆ ಏರಿದಾಗ ಎಡಗಡೆ ದೂರದಲ್ಲಿ ಹಳೆಯ ಸೇತುವೆ ಬಣ್ಣಬಣ್ಣದ ದೀಪದಲ್ಲಿ ನಿಂತಿರುತ್ತದೆ. ಕೆಳಗೆ ಕಪ್ಪು ನೀರು. ಕ್ಲೀನರ್ ಹುಡುಗರು ಮೊದಲ ಸಲ ಬಂದಾಗ ಅಲ್ಲಿ ಸುಮ್ಮನಾಗಿಬಿಡುತ್ತಾರೆ.

ಇಳಿದು ಎ.ಜೆ.ಸಿ. ಬೋಸ್ ರಸ್ತೆ ಹಿಡಿದು ಮೌಲಾಲಿ ದಾಟಿದರೆ ಸಿಯಾಲ್ದಾ ಸ್ಟೇಷನ್. ಅದರ ಮಗ್ಗುಲಲ್ಲೇ ಕೋಲೆ ಮಾರ್ಕೆಟ್. ನಮ್ಮ ಟೊಮೆಟೊ ಇಳಿಯುವುದು ಅಲ್ಲಿ. ಹಗಲು ನೋಡಿದವರು ಇಲ್ಲಿ ಲಾರಿ ಹೇಗೆ ತಿರುಗುತ್ತದೆ ಅಂತ ನಂಬುವುದಿಲ್ಲ. ನನಗೂ ನಂಬಿಕೆಯಿಲ್ಲ, ಆದರೂ ತಿರುಗಿಸುತ್ತೇನೆ. ಯಾಕೆಂದರೆ ನನ್ನ ಹಿಂದೆ ಲುಂಗಿ ಉಟ್ಟ ನಾಲ್ವರು, ಯಾರೂ ಹೇಳದೆಯೇ ಬಂದು ನಿಂತು, “ಆಸೂನ್ ಆಸೂನ್, ಬಾಂಯೆ, ಆರೋ ಬಾಂಯೆ” ಅಂತ ಕೈ ಬೀಸುತ್ತಿರುತ್ತಾರೆ. ಆ ನಾಲ್ಕು ಜನ ಎಂಟು ದಿಕ್ಕು ತೋರಿಸುತ್ತಾರೆ ಅನ್ನುವುದು ಬೇರೆ ಮಾತು.

ಹೊರೆ ಹೊರುವವರನ್ನು ಬಂಗಾಳಿಯಲ್ಲಿ ‘ಮುಟೆ’ ಅನ್ನುತ್ತಾರೆ. ನಮಗೆ ಮೂಟೆ ಅಂದರೆ ಹೊರೆ, ಅವರಿಗೆ ಮುಟೆ ಅಂದರೆ ಹೊರುವವನು. ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಅಗಲವಾದ ಬಿದಿರು ಬುಟ್ಟಿ, ಬುಟ್ಟಿಯ ತುಂಬ ಏರಿಸಿದ ಹೊರೆ ಹೊತ್ತು ಜನರ ನಡುವೆ ಓಡುತ್ತಾರೆ. ಹೆಚ್ಚಿನವರು ಬಿಹಾರದವರು, ಉಳಿದವರು ಸುಂದರಬನದ ಕಡೆಯ ಹಳ್ಳಿಗಳವರು. ಲೋಡು ಇಳಿದ ಮೇಲೆ ಅದೇ ಬುಟ್ಟಿಯಲ್ಲಿ ಕಾಲು ಮಡಚಿಕೊಂಡು ಮಲಗುತ್ತಾರೆ. ಕಲ್ಕತ್ತಾದ ಬಡತನದ ಫೋಟೋ ಅಂತ ಹೊರಗಿನವರು ತೆಗೆದುಕೊಂಡು ಹೋಗುವುದು ಇದನ್ನೇ. ಫೋಟೋ ಸುಳ್ಳು ಅನ್ನುವುದಿಲ್ಲ ನಾನು. ಆದರೆ ಆ ಬುಟ್ಟಿಯಲ್ಲಿ ಮಲಗುವವನಿಗೆ ಎಷ್ಟು ಹೊತ್ತಿಗೆ ಎಬ್ಬಿಸಬೇಕು, ಯಾರು ಎಬ್ಬಿಸಬೇಕು, ಊರಿಗೆ ಹಣ ಕಳಿಸಲು ಯಾವ ಅಂಗಡಿಯವನನ್ನು ನಂಬಬೇಕು, ಮಗಳ ಮದುವೆಗೆ ಯಾರು ಸಾಲ ಕೊಡುತ್ತಾರೆ ಎನ್ನುವುದೆಲ್ಲ ಗೊತ್ತಿರುತ್ತದೆ. ನನ್ನ ಲಾರಿಯನ್ನು ಹದಿನೈದು ವರ್ಷದಿಂದ ಇಳಿಸುತ್ತಿರುವ ತಂಡದ ಮೇಸ್ತ್ರಿ ಛಾಪ್ರಾ ಕಡೆಯವನು. ಪ್ರತಿ ಸಲ ಒಂದೇ ಪ್ರಶ್ನೆ: ‘ಕೋಲಾರದಲ್ಲಿ ಚಿನ್ನ ಬಿಟ್ಟು ಟೊಮೆಟೊ ಯಾಕೆ ತರ್ತೀಯ?’ ಗಣಿ ಮುಚ್ಚಿ 2001ಕ್ಕೇ ಆಯ್ತಲ್ಲ ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಇಬ್ಬರೂ ನಗುತ್ತೇವೆ. ಇಪ್ಪತ್ತು ಪದಗಳ ಹಿಂದಿಯಲ್ಲಿ ಇದಕ್ಕಿಂತ ದೊಡ್ಡ ಜೋಕು ಕಟ್ಟುವುದು ಕಷ್ಟ.

ಊಟದ ವಿಷಯಕ್ಕೆ ಬಂದರೆ ಸಾಸಿವೆ ಎಣ್ಣೆ ಹೊಂದಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿ ‘ಪೈಸ್ ಹೋಟೆಲ್’ ಅಂತ ಹಳೆಯ ಊಟದ ಮನೆಗಳಿವೆ. ಬಾಳೆಲೆಗೆ ಇಷ್ಟು, ಅನ್ನಕ್ಕೆ ಇಷ್ಟು, ನಿಂಬೆ ಹೋಳಿಗೆ ಇಷ್ಟು ಅಂತ ಪ್ರತಿಯೊಂದಕ್ಕೂ ಬೇರೆ ಲೆಕ್ಕ, ಬಡಿಸುವವನ ಬಾಯಲ್ಲೇ ಬಿಲ್ಲು. ಕಿಸೆಯಲ್ಲಿ ಎಷ್ಟಿದೆಯೋ ಅಷ್ಟು ತಿಂದು ಮರ್ಯಾದೆಯಿಂದ ಏಳಬಹುದು. ಒಮ್ಮೆ ಅಂಥ ಕಡೆ ಊಟದ ಕೊನೆಯಲ್ಲಿ ಕೆಂಪಗೆ, ಅಂಟಂಟಾದ ಏನೋ ಬಡಿಸಿದ. ನಾಲಗೆಗಿಟ್ಟರೆ ಸಿಹಿ. ನೋಡಿದರೆ ಟೊಮೆಟೊ! ಬೆಲ್ಲ, ಖರ್ಜೂರ ಹಾಕಿ ಕುದಿಸಿದ ಚಟ್ನಿ. ಮೂರು ದಿನ ನಿದ್ದೆಗೆಟ್ಟು ನಾನು ಹೊತ್ತು ತಂದದ್ದನ್ನು ಇವರು ಪಾಯಸದ ಹಾಗೆ ನೆಕ್ಕುತ್ತಾರೆ ಅಂತ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನಂಬಲಿಲ್ಲ. ಟೊಮೆಟೊ ಅಂದರೆ ಗೊಜ್ಜು, ಸಾರು, ಅಷ್ಟೇ ಅವಳಿಗೆ.

2023ರ ಜುಲೈ ನಿಮಗೂ ನೆನಪಿರಬೇಕು. ಹದಿನೈದು ಕಿಲೋ ಕ್ರೇಟು ನಮ್ಮ ಮಂಡಿಯಲ್ಲಿ ಎರಡು ಸಾವಿರ ದಾಟಿತ್ತು. ಹೊಲಗಳಿಗೆ ರಾತ್ರಿ ಕಾವಲು ಹಾಕಿದ್ದರು. ಟೊಮೆಟೊ ಲಾರಿ ಅಂದರೆ ಬ್ಯಾಂಕಿನ ವ್ಯಾನ್ ಇದ್ದ ಹಾಗೆ. ಆ ತಿಂಗಳು ನಾನು ಸಾವಿರದಷ್ಟು ಕ್ರೇಟು ತುಂಬಿಕೊಂಡು ಹೊರಟಾಗ ಮಂಡಿಯಲ್ಲಿ ಒಬ್ಬ, “ಕಲ್ಕತ್ತಾಕ್ಕಾ? ಪೂಜೆ ಮಾಡಿಸ್ಕೊಂಡು ಹೋಗು” ಅಂದ. ಮೌಲಾಲಿಯ ತಿರುವಿನಲ್ಲಿ, ರಾತ್ರಿ ಹನ್ನೊಂದೂವರೆ ಇರಬೇಕು, ಹೊಂಡಕ್ಕೆ ಚಕ್ರ ಇಳಿದು ಹಗ್ಗ ಸಡಿಲವಾಗಿ ಹಿಂದಿನ ಸಾಲಿನ ಕ್ರೇಟುಗಳು ರಸ್ತೆಗೆ ಉರುಳಿದವು. ಸದ್ದಿಗೆ ಜನ ಸೇರಿದರು. ಟ್ಯಾಕ್ಸಿಯವರು, ಫುಟ್‌ಪಾತಿನಲ್ಲಿ ಮಲಗಿದ್ದವರು, ಎಲ್ಲಿಂದ ಬಂದರೋ ಒಂದಿಪ್ಪತ್ತು ಹುಡುಗರು. ಮುಗಿಯಿತು ನನ್ನ ಕಥೆ ಅಂದುಕೊಂಡು ಇಳಿದೆ. ಅಷ್ಟರಲ್ಲಿ ಒಬ್ಬ ಸೈಕಲ್ ಅಡ್ಡ ನಿಲ್ಲಿಸಿ ಬಸ್ಸು ತಡೆದಿದ್ದ. ಹುಡುಗರು ಉರುಳುತ್ತಿದ್ದ ಟೊಮೆಟೊಗಳ ಹಿಂದೆ ಕೋಳಿ ಹಿಡಿಯುವವರ ಹಾಗೆ ಓಡುತ್ತಿದ್ದರು. ಹದಿನಾಲ್ಕು ಕ್ರೇಟು ಬಿದ್ದಿದ್ದವು. ಒಡೆದು ಹೋದದ್ದು ಬಿಟ್ಟು ಹತ್ತು ಕ್ರೇಟು ತುಂಬಿತು. ಒಂದಿಷ್ಟು ಲುಂಗಿಯ ಮಡಿಲಲ್ಲಿ ಹೋಗಿರಬೇಕು, ಹೋಗಲಿ. ಫುಟ್‌ಪಾತಿನ ಒಬ್ಬ ಅಜ್ಜಿ ಅರ್ಧ ಒಡೆದ ನಾಲ್ಕು ಹಣ್ಣು ಕೈಯಲ್ಲಿ ಹಿಡಿದು ನನ್ನ ಮುಂದೆ ಬಂದು ತೋರಿಸಿ, ತಗೊಳ್ಳಲಾ ಅಂತ ಕಣ್ಣಲ್ಲೇ ಕೇಳಿದಳು. ಆ ತಿಂಗಳು ಆ ಊರಿನಲ್ಲಿ ಟೊಮೆಟೊ ಕೊಳ್ಳುವ ಶಕ್ತಿ ಅಲ್ಲಿದ್ದ ಯಾರಿಗೂ ಇರಲಿಲ್ಲ. ಉಳಿದ ನಾಲ್ಕು ಕ್ರೇಟಿನ ದುಡ್ಡನ್ನು ನನ್ನ ಬಾಡಿಗೆಯಲ್ಲಿ ಹಿಡಿದವರು ಊರಿನ ಕಡೆಯವರೇ. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಆ ಊರು ಕೊಳಕು ಅನ್ನುವವರಿಗೆ ನಾನು ಹೇಳುವುದು ಇನ್ನೊಂದಿದೆ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಹರಿಸುತ್ತಿದ್ದಾರೆ, ಕೆ.ಸಿ. ವ್ಯಾಲಿ ಯೋಜನೆ ಅಂತ. ಒಣಗಿ ಬಿರುಕು ಬಿಟ್ಟಿದ್ದ ಕೆರೆಗಳು ತುಂಬಿದವು. ಸುತ್ತಲಿನ ಬೋರುಗಳಲ್ಲಿ ನೀರು ಬಂತು. ಜೊತೆಗೆ, ‘ಕೊಚ್ಚೆ ನೀರಿನ ಟೊಮೆಟೊ’ ಅನ್ನುವ ಮಾತೂ ಬಂತು. ನೀರನ್ನು ಇನ್ನೊಂದು ಹಂತ ಶುದ್ಧ ಮಾಡಿ ಅಂತ ನಮ್ಮವರು ಕೇಳುತ್ತಲೇ ಇದ್ದಾರೆ, ಕೇಳಬೇಕಾದ್ದೇ. ಕೋಲ್ಕತ್ತಾದ ಪೂರ್ವಕ್ಕೆ, ಬೈಪಾಸಿನ ಆಚೆ, ಸುಮಾರು 12,500 ಹೆಕ್ಟೇರ್ ಜೌಗು ಭೂಮಿಯಿದೆ. ಊರಿನ ಚರಂಡಿ ನೀರು ಅಲ್ಲಿನ ಕೊಳಗಳಿಗೆ ಹೋಗುತ್ತದೆ. ಬಿಸಿಲು, ಪಾಚಿ, ಮೀನು ಸೇರಿ ಅದನ್ನು ತಿಳಿಯಾಗಿಸುತ್ತವೆ. ಆ ನೀರಿನಲ್ಲಿ ಮೀನು ಬೆಳೆಯುತ್ತದೆ, ಪಕ್ಕದ ಧಾಪಾದಲ್ಲಿ ತರಕಾರಿ ಬೆಳೆಯುತ್ತದೆ, ಎರಡೂ ವಾಪಸ್ಸು ಊರಿಗೇ ಬರುತ್ತವೆ. ಇದನ್ನೆಲ್ಲ ಕಂಡುಹಿಡಿದದ್ದು ಮೀನುಗಾರರು. ಅದನ್ನು ಬರೆದು ಜಗತ್ತಿಗೆ ತೋರಿಸಿದವರು ಧ್ರುವಜ್ಯೋತಿ ಘೋಷ್ ಅನ್ನುವ ಎಂಜಿನಿಯರ್. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಇದನ್ನು ನನಗೆ ಹೇಳಿದ್ದು ನನ್ನ ಮಗಳು. ನಾನು ಆ ದಾರಿಯಲ್ಲಿ ಹೋಗುವಾಗ ಮೂಗು ಮುಚ್ಚಿಕೊಂಡು, ಇಷ್ಟೊಂದು ಬೆಳ್ಳಕ್ಕಿ ಇಲ್ಲೇನು ಮಾಡುತ್ತಿವೆ ಅಂತ ಮಾತ್ರ ಯೋಚಿಸಿದ್ದೆ.

ಮಗಳ ಹೆಸರು ಬಂತಲ್ಲ, ಈ ಬರಹ ಬರೆಯಲು ಕೂತದ್ದೇ ಅವಳಿಂದ.

ಅವಳು ಪಿಯುಸಿ ಮುಗಿಸಿದಳು. ಲೆಕ್ಕದಲ್ಲಿ ಚುರುಕು. ಕಾಲೇಜಿನ ಮೇಷ್ಟ್ರು ಒಬ್ಬರು ಅರ್ಜಿ ಹಾಕಿಸಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಪರೀಕ್ಷೆ ಬರೆಸಿದ್ದರು. 2025ರ ಬೇಸಗೆ ಕಳೆಯುವಷ್ಟರಲ್ಲಿ ಗೊತ್ತಾಯಿತು, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಸೀಟು ಸಿಕ್ಕಿದೆ. 1931ರಲ್ಲಿ ಮಹಾಲನೋಬಿಸ್ ಅನ್ನುವವರು ಕಟ್ಟಿದ ಸಂಸ್ಥೆ. ಫೀಸು ಹೆಚ್ಚೇನಿಲ್ಲ, ಓದುವವರಿಗೇ ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಅವಳಿಗೆ ಸಿಕ್ಕಿದ ಕೋರ್ಸು ಇರುವುದು ಕೋಲ್ಕತ್ತಾದಲ್ಲಿ, ಬಿ.ಟಿ. ರೋಡಿನಲ್ಲಿ.

ಮನೆಯಲ್ಲಿ ಸಾವಿನ ಮನೆಯ ಹಾಗಾಯಿತು. ಹೆಂಡತಿಯ ಅಣ್ಣ ಬಂದು ಕೂತ. ಅವನಿಗೆ ಕಲ್ಕತ್ತಾ ಅಂದರೆ ‘ಸಾಯುತ್ತಿರೋ ಊರು’. 1985ರಲ್ಲೇ ರಾಜೀವ್ ಗಾಂಧಿ ಹಾಗೆ ಹೇಳಿದ್ದರಂತೆ, ಅವನಿಗೆ ಅದು ಬಾಯಿಪಾಠ. ನಲವತ್ತು ವರ್ಷದಿಂದ ಸಾಯುತ್ತಿರುವ ರೋಗಿ ರಾತ್ರಿಗೆ ಇಷ್ಟು ಲೋಡು ಟೊಮೆಟೊ ತಿನ್ನುತ್ತಾನಾ ಅಂತ ನಾನು ಕೇಳಿದೆ. ಯಾರೂ ನಗಲಿಲ್ಲ. ಇಪ್ಪತ್ತು ವರ್ಷ ನಾನು ಆ ಊರನ್ನು ಹೊಗಳಿದ್ದನ್ನು ಇವರೆಲ್ಲ ಕೇಳಿದ್ದರು. ಚಹಾ ಕುಡಿಕೆ, ಸೇತುವೆ, ಸಿಹಿ ಚಟ್ನಿ ಎಲ್ಲವನ್ನೂ ಕಥೆಯ ಹಾಗೆ ಕೇಳಿ ಖುಷಿಪಟ್ಟಿದ್ದರು. ಈಗ ಹೆಂಡತಿ ಒಂದೇ ಮಾತು ಕೇಳಿದಳು: “ನಿಮ್ಮೂರು ಅಷ್ಟು ಒಳ್ಳೇದಾದ್ರೆ ಆ ಡಾಕ್ಟರ್ ಹುಡುಗಿ ಯಾಕೆ ಸತ್ತಳು?”

ಅವಳು ಹೇಳಿದ್ದು 2024ರ ಆಗಸ್ಟ್ 9ರ ಸಂಗತಿ. ಉತ್ತರ ಕೋಲ್ಕತ್ತಾದ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯನ್ನು ಅತ್ಯಾಚಾರ ಮಾಡಿ ಕೊಂದದ್ದು. ಇಡೀ ದೇಶಕ್ಕೆ ಗೊತ್ತಿರುವ ಸಂಗತಿ. ಅದಕ್ಕೆ ನಾನು ಏನು ಉತ್ತರ ಹೇಳಬೇಕಿತ್ತು? ಹೊಗಳಿಕೆಯ ಮಾತೆಲ್ಲ ಗಂಟಲಲ್ಲೇ ಉಳಿಯಿತು. ನನ್ನ ಊರಲ್ಲ ಅದು, ಲೋಡು ಇಳಿಸಿ ಬರುವವನು ನಾನು, ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬದಲಿಗೆ, ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳದೆ ಇದ್ದ ಒಂದು ರಾತ್ರಿಯ ಸುದ್ದಿ ಹೇಳಿದೆ.

ಆ ಘಟನೆ ನಡೆದ ಐದನೆಯ ದಿನ, ಆಗಸ್ಟ್ 14ರ ರಾತ್ರಿ, ನಾನು ಅಲ್ಲೇ ಇದ್ದೆ. ಹನ್ನೊಂದೂವರೆಗೆ ಎ.ಜೆ.ಸಿ. ಬೋಸ್ ರಸ್ತೆಯಲ್ಲಿ ಸಿಯಾಲ್ದಾ ಇನ್ನೇನು ಬಂತು ಅನ್ನುವಾಗ ಮುಂದಿನ ಗಾಡಿಗಳು ನಿಂತವು. ಬಂದ್ ಇರಬೇಕು ಅಂದುಕೊಂಡೆ. ಆಮೇಲೆ ಕಂಡರು. ಹೆಂಗಸರು. ಗುಂಪಲ್ಲ, ಹೊಳೆ. ಕಾಲೇಜು ಹುಡುಗಿಯರು, ಸೀರೆಯುಟ್ಟ ಗೃಹಿಣಿಯರು, ಮನೆಗೆಲಸದವರು, ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ, ನರ್ಸುಗಳು, ಹೆಗಲ ಮೇಲೆ ಮಲಗಿದ ಮಕ್ಕಳು. ಮೊಂಬತ್ತಿ, ಮೊಬೈಲ್ ಲೈಟು. ಹನ್ನೆರಡು ಹೊಡೆಯಿತು. ಎಲ್ಲಿಂದಲೋ ಒಂದು ಶಂಖ ಊದಿದರು, ಇನ್ನೊಂದು ಕಡೆಯಿಂದ ಇನ್ನೊಂದು. ರಾತ್ರಿಯನ್ನು ನಮ್ಮದಾಗಿಸಿಕೊಳ್ಳೋಣ ಅಂತ ಅವರು ಬೀದಿಗಿಳಿದದ್ದು ಅಂತ ನನಗೆ ಆಮೇಲೆ ತಿಳಿಯಿತು. ಆ ರಾತ್ರಿ ಬಂಗಾಳದ ಊರೂರಲ್ಲೂ ಹೀಗೇ ಆಗಿತ್ತಂತೆ.

ನನ್ನ ತಾಯಿಯ ವಯಸ್ಸಿನ ಒಬ್ಬರು ಬಂದು ಕ್ಯಾಬಿನ್ ಬಾಗಿಲು ತಟ್ಟಿದರು. ಇಂಜಿನ್ ಆಫ್ ಮಾಡು, ಹೊಗೆ ಬರ್ತಿದೆ, ಲೈಟು ಮಾತ್ರ ಹಾಗೇ ಇರಲಿ ಅಂತ ಸನ್ನೆ ಮಾಡಿದರು. ಮಾಡಿದೆ. ನನ್ನ ಹೆಡ್‌ಲೈಟಿನ ಬೆಳಕಲ್ಲಿ ಅವರು ನಡೆದುಕೊಂಡು ಹೋಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅದೇ ಅಮ್ಮ ತಿರುಗಿ ಬಂದು, “ಮೇಯೆ ಆಛೆ?” ಅಂದರು. ಹೆಣ್ಣುಮಗು ಇದೆಯಾ ಅಂತ. “ಆಛೆ” ಅಂದೆ. ತಮ್ಮ ಕೈಲಿದ್ದ ಮೊಂಬತ್ತಿ ಕೊಟ್ಟು ಹೋದರು. ನಾನು ಇಳಿದು ಲಾರಿ ಮುಂದೆ ಅದನ್ನು ಹಿಡಿದುಕೊಂಡು ನಿಂತೆ. ಹಿಂದಿನ ಲಾರಿಯ ಪಂಜಾಬಿ ಡ್ರೈವರೂ ಬಂದು ಪಕ್ಕದಲ್ಲಿ ನಿಂತ. ಏನೂ ಮಾತಾಡಲಿಲ್ಲ. ಒಂದು ಗಂಟೆ ದಾಟಿದ ಮೇಲೆ ಹುಡುಗಿಯೊಬ್ಬಳು ಲಾರಿಯ ಬದಿಯಲ್ಲಿ ಕ್ರೇಟು ನೋಡಿ, “ಕಾಂಚಾ ಮಾಲ್, ಕಾಂಚಾ ಮಾಲ್!” ಅಂತ ಕೂಗಿ ದಾರಿ ಮಾಡಿಸಿಕೊಟ್ಟಳು. ಕೊಳೆಯುವ ಸರಕಿಗೆ ದಾರಿ ಬಿಡಬೇಕು ಅನ್ನುವ ನ್ಯಾಯ ಅಂಥ ರಾತ್ರಿಯಲ್ಲೂ ಅವರಿಗೆ ನೆನಪಿತ್ತು. ಅದೇ ರಾತ್ರಿ ಆ ಆಸ್ಪತ್ರೆಗೆ ಪುಂಡರ ಗುಂಪೊಂದು ನುಗ್ಗಿ ಒಡೆದು ಹಾಕಿತು ಅಂತ ಮಾರ್ಕೆಟಿನಲ್ಲಿ ಕೇಳಿದೆ. ಎರಡೂ ಒಂದೇ ಊರಿನಲ್ಲಿ, ಒಂದೇ ರಾತ್ರಿ, ಕೆಲವೇ ಕಿಲೋಮೀಟರ್ ಅಂತರದಲ್ಲಿ.

ಇಷ್ಟನ್ನು ಹೇಳಿ ನಾನು ಸುಮ್ಮನಾದೆ. ಹೆಂಡತಿಯೂ ಸುಮ್ಮನಿದ್ದಳು. ಭಾವಮೈದ ಬಿಡಲಿಲ್ಲ. ಸುರಕ್ಷಿತ ಊರಾ ಅಲ್ಲವಾ, ಅದನ್ನು ಹೇಳಿ ಅಂದ. ಮಗಳು ಫೋನ್ ತೆಗೆದು ಓದಿದಳು. ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೊಡ್ಡ ನಗರಗಳ ಪೈಕಿ ಲಕ್ಷ ಜನಕ್ಕೆ ಅತಿ ಕಡಿಮೆ ಅಪರಾಧ ದಾಖಲಾದದ್ದು ಕೋಲ್ಕತ್ತಾದಲ್ಲಿ, 86.5. ಮಾವನ ಮುಖ ಸ್ವಲ್ಪ ಸಡಿಲವಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು ಅವಳು. “ಆದ್ರೆ ಮಾವ, ಇದು ದಾಖಲಾದದ್ದು ಮಾತ್ರ. ಎಷ್ಟು ಜನ ಕಂಪ್ಲೇಂಟ್ ಕೊಡ್ತಾರೆ, ಎಷ್ಟನ್ನ ಬರ್ಕೋತಾರೆ ಅನ್ನೋದರ ಮೇಲೆ ನಿಂತಿರುತ್ತೆ. ಇದನ್ನ ಇಟ್ಕೊಂಡು ಸೇಫು ಅಂತ ಹೇಳಕ್ಕಾಗಲ್ಲ” ಅಂದಳು. ಗೆಲ್ಲುತ್ತಿದ್ದ ಕೇಸನ್ನು ತಾನೇ ಕೆಡಿಸಿಕೊಂಡಳಲ್ಲ ಅಂತ ನಾನು ಹಣೆ ಮುಟ್ಟಿಕೊಂಡೆ. ಆಮೇಲೆ ಅನ್ನಿಸಿತು, ಇವಳು ಆ ಓದಿಗೆ ಸರಿಯಾದವಳೇ.

ಅವಳ ಕೈಯಲ್ಲಿ ಇನ್ನೊಂದು ಫೋಟೋ ಇತ್ತು, ಸಿ.ಆರ್. ರಾವ್ ಅವರದು. ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಯುದ್ಧದ ಕಾಲದಲ್ಲಿ ಕೆಲಸ ಹುಡುಕಿಕೊಂಡು ಕಲ್ಕತ್ತಾಕ್ಕೆ ಹೋದ ಹುಡುಗ 1941ರಲ್ಲಿ ಅದೇ ಸಂಸ್ಥೆ ಸೇರಿ, ಸುಮಾರು ನಲವತ್ತು ವರ್ಷ ಅಲ್ಲೇ ಇದ್ದು, ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. ನೂರೆರಡು ವರ್ಷ ಬದುಕಿ 2023ರಲ್ಲಿ ತೀರಿಕೊಂಡರು. “ಹಡಗಲಿಯವರಾ?” ಅಂದ ಭಾವಮೈದ. “ಹುಟ್ಟಿದ್ದು ಹಡಗಲಿ, ಮನೆಮಾತು ತೆಲುಗು” ಅಂದಳು ಮಗಳು. “ಹಂಗಾದ್ರೆ ನಮ್ಮಂಗೇ” ಅಂದು ಅವನು ಚಹಾ ಕೇಳಿದ. ಅಂಕಿಗೆ ಕರಗದವನು ಊರ ಹೆಸರಿಗೆ ಕರಗಿದ. ಹೆಂಡತಿ ಮಾತ್ರ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ರಾತ್ರಿ ಮಲಗುವಾಗ, “ಆಯಮ್ಮ ನಿಮಗೆ ಕೊಟ್ಟ ಮೊಂಬತ್ತಿ ಎಲ್ಲಿ?” ಅಂತ ಕೇಳಿದಳು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ ಅಂದೆ. ಅರ್ಧ ಉರಿದದ್ದು, ಬಿಸಿಲಿಗೆ ಸೊಟ್ಟಗಾಗಿತ್ತು. ಬೆಳಿಗ್ಗೆ ತಂದುಕೊಟ್ಟೆ. ದೇವರ ಗೂಡಿನಲ್ಲಿಟ್ಟಳು. ಹೂಂ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಚಟ್ನಿಪುಡಿ ಹುರಿಯಲು ಶುರು ಮಾಡಿದಳು.

ಅಪ್ಪನಾದವನು ಮಗಳಿಗೆ ಒಂದು ಊರನ್ನು ಹೇಗೆ ಹೇಳಿಕೊಡಬೇಕು? ನನಗೆ ಗೊತ್ತಿರುವುದು ಲಾರಿಯ ಕೋಲ್ಕತ್ತಾ. ಅವಳಿಗೆ ಬೇಕಾದದ್ದು ಬಸ್ಸಿನದು, ಮೆಟ್ರೋದ್ದು. ಹೂಗ್ಲಿಯ ಕೆಳಗೇ ಈಗ ಮೆಟ್ರೋ ಓಡುತ್ತದೆ, 2024ರ ಮಾರ್ಚಿನಿಂದ. ನದಿಯ ಕೆಳಗೆ ಹೋಗುವುದನ್ನು ನಾನು ನೆನೆಸಿಕೊಳ್ಳಲಾರೆ. ಆದರೂ ಗೊತ್ತಿದ್ದಷ್ಟು ಹೇಳಿದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಆಗ ನಡೆಯಬೇಡ, ಕಾಯಿ. ಮೀನು ತಿನ್ನುವುದಿಲ್ಲ ಅಂದರೆ ಅವರಿಗೆ ಅರ್ಥವಾಗುವುದಿಲ್ಲ, ಹೊಟ್ಟೆ ಸರಿಯಿಲ್ಲ ಅನ್ನು, ಅದು ಅವರಿಗೆ ತಕ್ಷಣ ಅರ್ಥವಾಗುತ್ತದೆ. ದುರ್ಗಾ ಪೂಜೆಗೆ ಊರಿಗೆ ಬರಬೇಡ, ಅಲ್ಲೇ ಇದ್ದು ನೋಡು, ಆ ದಿನಗಳಲ್ಲಿ ನಮ್ಮನ್ನು ಒಳಗೇ ಬಿಡುವುದಿಲ್ಲವಾದ್ದರಿಂದ ನಾನು ಒಮ್ಮೆಯೂ ನೋಡಿಲ್ಲ. ರಾತ್ರಿ ಒಬ್ಬಳೇ ಓಡಾಡಬೇಡ ಅಂತ ಹೇಳಲು ಬಾಯಿ ತೆರೆದೆ. ಆ ರಾತ್ರಿ ಹೆಡ್‌ಲೈಟಿನಲ್ಲಿ ನಡೆದುಹೋದ ಮುಖಗಳು ಕಣ್ಣ ಮುಂದೆ ಬಂದವು. ಆದರೂ ಹೇಳಿದೆ. ಅವಳು ನನ್ನನ್ನು ಒಂದು ಥರ ನೋಡಿದಳು. ಕೋಲೆ ಮಾರ್ಕೆಟಿನ ಮೇಸ್ತ್ರಿಯ ನಂಬರು ಅವಳ ಫೋನಿನಲ್ಲಿ ಹಾಕಿಕೊಟ್ಟೆ. ಅವನಿಗೂ ಫೋನ್ ಮಾಡಿ ಹೇಳಿದೆ. ‘ಕೋಲಾರದ ಚಿನ್ನ ಕೊನೆಗೂ ಕಳಿಸ್ತಿದ್ದೀಯ’ ಅಂದ.

ಜುಲೈ ಕೊನೆಯಲ್ಲಿ ತಾಯಿ, ಮಾವ, ಮಗಳು ಬೆಂಗಳೂರಿನಲ್ಲಿ ಹೌರಾ ರೈಲು ಹತ್ತಿದರು. ನನಗೆ ಹಿಂದಿನ ದಿನವೇ ಲೋಡು ಬಂದಿತ್ತು, ಹೊರಟುಬಿಟ್ಟಿದ್ದೆ. ರೈಲೂ ನನ್ನ ಹೆದ್ದಾರಿಯೂ ಬಹಳ ದೂರ ಅಕ್ಕಪಕ್ಕವೇ ಹೋಗುತ್ತವೆ. ಚಿಲಿಕಾ ಸರೋವರದ ಹತ್ತಿರ ಅಂತೂ ಹಳಿ, ರಸ್ತೆ, ನೀರು ಮೂರೂ ಒಟ್ಟಿಗೆ. ಅವರು ನನ್ನನ್ನು ಎಲ್ಲಿ ದಾಟಿಕೊಂಡು ಹೋದರೋ ತಿಳಿಯಲಿಲ್ಲ. ನಾನು ಬಾಲಸೋರ್ ದಾಟುತ್ತಿದ್ದಾಗ ಹೆಂಡತಿಯ ಫೋನು ಬಂತು. ಹೌರಾದಲ್ಲಿ ಇಳಿದಿದ್ದರು. ಹಿಂದೆ ಸ್ಟೇಷನ್ನಿನ ಗದ್ದಲ. ಹೇಗಿದೆ ಊರು ಅಂತ ಕೇಳಿದೆ.

“ಇಲ್ಲೆಲ್ಲ ನಿಮ್ಮಣ್ಣಂಗೆ, ಅದೇ, ನಮ್ಮಣ್ಣಂಗೆ, ದಾದಾ ದಾದಾ ಅಂತಾ ಅವ್ರೆ. ಅವನು ಹೆದರ್ಕೊಂಡು ಬ್ಯಾಗ್ ತಬ್ಬಿಕೊಂಡು ಕೂತವ್ನೆ” ಅಂದಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಹೊರಗೆ ಗಾಡಿಯವನ ಹತ್ರ ಕೇಳ್ದೆ, ಟೊಮೆಟೊ ಕಿಲೋ ಅರವತ್ತಂತೆ. ನಮ್ಮ ಮಂಡೀಲಿ ರೈತನಿಗೆ ಎಷ್ಟು ಕೊಟ್ರು ನೀವು ತುಂಬುವಾಗ?”